ಸಾವಿರ ವಾಟ್ ಬೇಕೆಂದಿದ್ದ ಬೇಸ್ ವಾದಕಿ: ಒಂದು ಪ್ರಕರಣ ಅಧ್ಯಯನ

ಐದು ಜನರ ತಂಡ. ಒಬ್ಬರದು ಡ್ರಮ್ಸ್, ಇಬ್ಬರದು ಎಲೆಕ್ಟ್ರಿಕ್ ಗಿಟಾರ್, ಒಬ್ಬರು ಕೀಬೋರ್ಡ್ ನುಡಿಸುತ್ತಲೇ ಹಾಡುತ್ತಾರೆ, ಐದನೆಯವರದು ಬೇಸ್ ಗಿಟಾರ್. ಈ ಪ್ರಕರಣ ಆ ಐದನೆಯವರದು. ನಾಲ್ಕು ತಂತಿಯ ಬೇಸ್ ಅವರ ಮುಖ್ಯ ವಾದ್ಯ. ಕೆಲವು ಹಾಡುಗಳಿಗೆ ಐದು ತಂತಿಯದನ್ನು ಕೈಗೆತ್ತಿಕೊಳ್ಳುತ್ತಾರೆ. ಬೆರಳಿನಿಂದ ಮೀಟುವುದೇ ಹೆಚ್ಚು, ಅಲ್ಲಲ್ಲಿ ಸ್ಲ್ಯಾಪ್, ಅಂದರೆ ಹೆಬ್ಬೆರಳಿನಿಂದ ತಂತಿಯನ್ನು ಬಡಿದು ನುಡಿಸುವುದು. ಅವರ ಬಳಿ ಇದ್ದದ್ದು ಒಂದು ಕಾಂಬೊ, ಅಂದರೆ ಆಂಪ್ಲಿಫೈಯರ್ ಮತ್ತು 12 ಅಂಗುಲದ ಒಂದು ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿ. ಮುಂಭಾಗದಲ್ಲಿ ದೊಡ್ಡದಾಗಿ 350 ವಾಟ್ ಎಂದು ಬರೆದಿತ್ತು.

ತಂಡಗಳಿಗೆ ಧ್ವನಿ ವ್ಯವಸ್ಥೆ ನೋಡಿಕೊಡುವುದು ನನ್ನ ಕೆಲಸ. ಅವರು ನನ್ನ ಬಳಿ ಬಂದಾಗ ತೀರ್ಮಾನ ಆಗಲೇ ಆಗಿತ್ತು. "ಸರ್, ನನ್ನ ಬೇಸ್ ಯಾರಿಗೂ ಕೇಳಿಸುತ್ತಿಲ್ಲ. ಸಾವಿರ ವಾಟ್‌ನ ಹೆಡ್ ಒಂದನ್ನು ಕೊಳ್ಳುತ್ತಿದ್ದೇನೆ, ಜೊತೆಗೆ 12 ಅಂಗುಲದ ಒಂದೇ ಸ್ಪೀಕರ್ ಇರುವ ಚಿಕ್ಕ ಕ್ಯಾಬಿನೆಟ್. ಯಾವ ಮಾದರಿ ಒಳ್ಳೆಯದು ಹೇಳಿ" ಎಂದರು. ಹೆಡ್ ಎಂದರೆ ಸ್ಪೀಕರ್ ಇಲ್ಲದ ಬರಿಯ ಆಂಪ್ಲಿಫೈಯರ್; ಕ್ಯಾಬಿನೆಟ್ ಎಂದರೆ ಸ್ಪೀಕರ್ ಮಾತ್ರ ಇರುವ ಪೆಟ್ಟಿಗೆ. ಮಾದರಿ ಹೇಳುವ ಮೊದಲು ಒಂದು ಕಾರ್ಯಕ್ರಮವನ್ನು ಕೇಳಬೇಕೆಂದೆ. ವಾದಕರು ಇಷ್ಟು ದೊಡ್ಡ ಖರ್ಚಿಗೆ ಇಳಿಯುವ ಮುನ್ನ ಯಾರಾದರೊಬ್ಬರು ವೇದಿಕೆಯ ಎದುರು ಕುಳಿತು ಕೇಳಲೇಬೇಕು ಎಂಬುದು ನನ್ನ ನಿಲುವು. ನುಡಿಸುವವರು ನಿಂತಿರುವ ಜಾಗದಿಂದ ಈ ವಿಷಯ ಸರಿಯಾಗಿ ತಿಳಿಯುವುದಿಲ್ಲ.

ತಂಡ ನುಡಿಸುತ್ತಿದ್ದ ಜಾಗಗಳು ಮೂರು ಬಗೆಯವು. ಒಂದು, ಚಿಕ್ಕ ಕೋಣೆಗಳು. ಅಲ್ಲಿ ಸೌಂಡ್ ಸಿಸ್ಟಂನಲ್ಲಿ ಹಾಡುವ ದನಿ ಮಾತ್ರ ಹೋಗುತ್ತದೆ, ಉಳಿದೆಲ್ಲ ವಾದ್ಯಗಳು ತಮ್ಮ ತಮ್ಮ ಆಂಪ್‌ನಿಂದಲೇ ಕೇಳಬೇಕು. ಎರಡು, ಮಧ್ಯಮ ಗಾತ್ರದ ಸಭಾಂಗಣಗಳು. ಸ್ಪೀಕರ್‌ಗಳಿರುತ್ತವೆ, ಸಬ್‌ವೂಫರ್, ಅಂದರೆ ಕೆಳಗಿನ ಶ್ರುತಿಗೆಂದೇ ಇರುವ ದೊಡ್ಡ ಸ್ಪೀಕರ್, ಇರುವುದಿಲ್ಲ. ಮೂರು, ಬಯಲು ವೇದಿಕೆ. ಅಲ್ಲಿ ಸಾಮಾನ್ಯವಾಗಿ ಸಬ್‌ವೂಫರ್ ಸಮೇತ ಪೂರ್ಣ ವ್ಯವಸ್ಥೆ ಇರುತ್ತದೆ, ಬೇಸ್‌ನ ಸಂಕೇತ, ಅದನ್ನು ಮಿಕ್ಸರ್‌ಗೆ ಹೊಂದುವಂತೆ ಮಾಡುವ ಡಿ.ಐ. ಪೆಟ್ಟಿಗೆಯ ಮೂಲಕ ನೇರ ಮಿಕ್ಸರ್‌ಗೆ ಹೋಗುತ್ತದೆ. ತೊಂದರೆ ಮೊದಲ ಎರಡರಲ್ಲಿ. ಮೂರನೆಯದರಲ್ಲಿ ಆಂಪ್ ಇರುವುದು ತನಗೆ ತಾನು ಕೇಳಿಸಿಕೊಳ್ಳಲು ಮಾತ್ರ. ಜನರಿಗೆ ಕೇಳಿಸುವ ಹೊಣೆ ಸಬ್‌ವೂಫರ್‌ನದು.

ದೂರುಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ

ನಾನು ಹೋದದ್ದು ಮೊದಲ ಬಗೆಯ ಕೋಣೆಗೆ. ಬೇಸ್ ಎಲ್ಲೂ ಇಲ್ಲ ಎಂದು ಡ್ರಮ್ಸ್ ವಾದಕರು ದೂರಿದರು. ಗಿಟಾರ್ ನುಡಿಸುವ ಇಬ್ಬರದೂ ಅದೇ ಮಾತು. ಆದರೆ ಮುಂದಿನ ಸಾಲಿನಲ್ಲಿ ಕುಳಿತಿದ್ದವರು ಬೇಸ್ ಗುಂಯ್‌ಗುಡುತ್ತಿದೆ, ಹಾಡು ಕೇಳಿಸುತ್ತಿಲ್ಲ ಎಂದರು. ಎರಡೂ ನಿಜವಾಗಿತ್ತು. ಕೋಣೆಯಲ್ಲಿ ಕೆಳಗಿನ ಶ್ರುತಿಯ ಮೊಳಗು ಬೇಕಾದಷ್ಟಿತ್ತು; ಯಾವ ಸ್ವರ, ಯಾವಾಗ ಆರಂಭವಾಯಿತು, ಯಾವಾಗ ನಿಂತಿತು ಎಂಬುದು ಮಾತ್ರ ತಿಳಿಯುತ್ತಿರಲಿಲ್ಲ. ವಾಟ್ ಕೊರತೆಯೊಂದೇ ಆಗಿದ್ದರೆ ಬೇಸ್ ಎಲ್ಲ ಕಡೆಯೂ ಸಣ್ಣದಾಗಿ ಕೇಳಬೇಕಿತ್ತು.

ಕಾರ್ಯಕ್ರಮದ ಉತ್ತರಾರ್ಧದಲ್ಲಿ ಇನ್ನೊಂದು ಲಕ್ಷಣ ಕಂಡಿತು. ಎಲ್ಲರೂ ಜೋರಾದಂತೆ ಅವರೂ ಬಲವಾಗಿ ಮೀಟತೊಡಗಿದರು, ಆಂಪ್ ತನ್ನ ಮಿತಿ ಮುಟ್ಟಿದೆ ಎಂದು ಸೂಚಿಸುವ ಕೆಂಪು ದೀಪ ಮಿನುಗತೊಡಗಿತು, ಖಾಲಿ ಇ ತಂತಿಯನ್ನು ಮೀಟಿದಾಗಲೆಲ್ಲ ಸ್ಪೀಕರ್‌ನಿಂದ ಬಟ್ಟೆ ಹರಿದಂಥ ಸದ್ದು ಬಂತು. ಬಿಡುವಿನಲ್ಲಿ ಜಾಲರಿಯ ಹಿಂದೆ ಟಾರ್ಚ್ ಹಾಕಿ ಅದೇ ತಂತಿಯನ್ನು ಮೀಟಲು ಹೇಳಿದೆ. ಸ್ಪೀಕರ್‌ನ ಕೋನ್, ಅಂದರೆ ಗಾಳಿ ತಳ್ಳುವ ಶಂಕುವಿನಾಕಾರದ ಹಾಳೆ, ಮುಂದಕ್ಕೆ ಹಿಂದಕ್ಕೆ ಕಣ್ಣಿಗೆ ಕಾಣುವಷ್ಟು ದೂರ ಹೊಯ್ದಾಡುತ್ತಿತ್ತು, ಅಂಚಿನ ಮಡಿಕೆ ಪೂರ್ತಿ ಬಿಗಿಯುವವರೆಗೆ. ಒಂದು ಸ್ಥಾಯಿ ಮೇಲಿನ ಇ ಸ್ವರವನ್ನು ಅಷ್ಟೇ ಬಲದಿಂದ ಮೀಟಿದಾಗ ಕೋನ್ ಹೆಚ್ಚುಕಡಿಮೆ ನಿಂತಂತೆಯೇ ಕಂಡಿತು; ಕಿವಿಗೆ ಮಾತ್ರ ಆ ಸ್ವರವೇ ಜೋರಾಗಿ ಕೇಳಿಸಿತು. ಸಾವಿರ ವಾಟ್‌ನ ಯೋಜನೆ ಏಕೆ ಕೆಲಸ ಮಾಡದು ಎಂಬುದಕ್ಕೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು.

350 ಎಂದು ಬರೆದದ್ದು, 200 ಸಿಕ್ಕದ್ದು

ಪೆಟ್ಟಿಗೆಯ ಹಿಂಬದಿಯ ಫಲಕ ಓದಿದೆವು. 350 ವಾಟ್ ಸಿಗುವುದು 4 ಓಮ್ ಹೊರೆಗೆ (ಓಮ್ ಎಂಬುದು ಸ್ಪೀಕರ್ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ). ಒಳಗಿನ ಸ್ಪೀಕರ್ 8 ಓಮ್‌ನದು. ಅದೊಂದೇ ಇದ್ದಾಗ ಸಿಗುವುದು 200 ವಾಟ್. ಹೊರಗಡೆ ಇನ್ನೊಂದು 8 ಓಮ್ ಕ್ಯಾಬಿನೆಟ್ ಜೋಡಿಸಿದರೆ ಎರಡೂ ಸಮಾನಾಂತರವಾಗಿ ಸೇರಿ 4 ಓಮ್ ಆಗುತ್ತವೆ, ಆಗ ಪೂರ್ತಿ 350. ಇಂದಿನ ಬಹುತೇಕ ಟ್ರಾನ್ಸಿಸ್ಟರ್ ಆಂಪ್‌ಗಳ ಕಥೆ ಇದೇ. ಮಾರುವವರು ದೊಡ್ಡ ಸಂಖ್ಯೆಯನ್ನು ಮುಂದಿಡುತ್ತಾರೆ, ಅದು ಯಾವ ಓಮ್‌ಗೆ ಎಂಬುದು ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿರುತ್ತದೆ. ಕೆಲವರು ನಿರಂತರ ಶಕ್ತಿಯ ಬದಲು ಪೀಕ್ ಶಕ್ತಿಯನ್ನು ಮುದ್ರಿಸುತ್ತಾರೆ. ಶುದ್ಧ ಸೈನ್ ತರಂಗಕ್ಕೆ ಪೀಕ್ ಎಂಬುದು ನಿರಂತರ ಶಕ್ತಿಯ ಎರಡು ಪಟ್ಟು. ಬೇರೆ ಬೇರೆ ಓಮ್, ಬೇರೆ ಬೇರೆ ಅಳತೆಯ ಸಂಖ್ಯೆಗಳನ್ನು ಪಕ್ಕದಲ್ಲಿಟ್ಟು ಹೋಲಿಸಿದರೆ ಏನೂ ಗೊತ್ತಾಗುವುದಿಲ್ಲ.

ಅವರು ಕೊಳ್ಳಲಿದ್ದ ಸಾವಿರ ವಾಟ್‌ನ ಹೆಡ್‌ಗೂ ಇದೇ ಲೆಕ್ಕ. ಸಾವಿರ ಎಂಬುದು 4 ಓಮ್‌ಗೆ. 8 ಓಮ್‌ನ ಒಂದೇ ಕ್ಯಾಬಿನೆಟ್‌ಗೆ ಸಿಗುವುದು ಸುಮಾರು ಅರ್ಧ, 500 ಎಂದಿಟ್ಟುಕೊಳ್ಳೋಣ. 200ರಿಂದ 500ಕ್ಕೆ ಏರಿದರೆ ಸಿಗುವ ಹೆಚ್ಚಳ 4 ಡೆಸಿಬಲ್. ಶಕ್ತಿ ಇಮ್ಮಡಿಯಾದರೆ 3 ಡೆಸಿಬಲ್, ಹತ್ತು ಪಟ್ಟಾದರೆ 10 ಡೆಸಿಬಲ್. ಕಿವಿಗೆ ಎರಡರಷ್ಟು ಜೋರೆನಿಸಬೇಕಾದರೆ ಸುಮಾರು 10 ಡೆಸಿಬಲ್ ಬೇಕು. ಹೀಗಾಗಿ ಅವರು ಅಷ್ಟು ಹಣ ಸುರಿದು ಕೊಳ್ಳಲಿದ್ದದ್ದು, ಗಮನವಿಟ್ಟು ಕೇಳಿದರೆ ತಿಳಿಯುವಷ್ಟು, ಡ್ರಮ್ಸ್ ಬಾರಿಸುವಾಗ ಅಷ್ಟಾಗಿ ತಿಳಿಯದಷ್ಟು ಹೆಚ್ಚಳವನ್ನು. ಈ ಲೆಕ್ಕ ತೋರಿಸಿದಾಗ ಅವರ ಮುಖ ಸಪ್ಪಗಾಯಿತು. ಹೇಳದೆ ಇರುವಂತಿರಲಿಲ್ಲ.

ಹಾಗಾದರೆ ಎಷ್ಟು ಬೇಕು?

ಅಳೆಯದೆ ಹೇಳಲಾಗದು. ಅಭ್ಯಾಸದ ಕೋಣೆಯಲ್ಲಿ ಧ್ವನಿಮಾಪಕವಿಟ್ಟು ಅಳೆದೆವು. ಮೊಬೈಲ್ ಆ್ಯಪ್ ಬಳಸಲಿಲ್ಲ. ಮಾತಿಗೆಂದು ಮಾಡಿದ ಆ ಮೈಕ್‌ಗಳು ಕೆಳಗಿನ ಶ್ರುತಿಯನ್ನು ಹೆಚ್ಚಾಗಿ ಕತ್ತರಿಸಿಬಿಡುತ್ತವೆ. ಮಾಪಕವನ್ನು ಸಿ ತೂಕಕ್ಕೆ ಇಟ್ಟುಕೊಂಡೆವು. ತೂಕ ಎಂದರೆ ಯಾವ ಶ್ರುತಿಗೆ ಎಷ್ಟು ಬೆಲೆ ಕೊಟ್ಟು ಅಳೆಯಬೇಕು ಎಂಬ ಕ್ರಮ. ಇದು ಮುಖ್ಯ. ಎ ತೂಕದಲ್ಲಿ 40 ಹರ್ಟ್ಸ್‌ನ ಧ್ವನಿ ನಿಜಕ್ಕಿಂತ ಸುಮಾರು 35 ಡೆಸಿಬಲ್ ಕಡಿಮೆ ದಾಖಲಾಗುತ್ತದೆ, ಸಿ ತೂಕದಲ್ಲಿ ಕೇವಲ 2. ಬೇಸ್‌ನ ಖಾಲಿ ಇ ತಂತಿ 41 ಹರ್ಟ್ಸ್. ಎ ತೂಕದಲ್ಲಿ ಅದು ಇದ್ದೂ ಇಲ್ಲದಂತೆಯೇ.

ಡ್ರಮ್ಸ್ ಒಂದನ್ನೇ ಕಾರ್ಯಕ್ರಮದ ಹುರುಪಿನಲ್ಲಿ ಬಾರಿಸಲು ಹೇಳಿದೆ. ಮೂರು ಮೀಟರ್ ದೂರದಲ್ಲಿ ಸರಾಸರಿ 100 ಡೆಸಿಬಲ್‌ನ ಆಸುಪಾಸು. ಬೇಸ್ ಅದಕ್ಕೆ ಸರಿಸಮ ನಿಲ್ಲಬೇಕು, ಅದನ್ನು ಮೀರಬೇಕಿಲ್ಲ. ಇಲ್ಲಿಂದ ಲೆಕ್ಕ ಹಿಂದಕ್ಕೆ ಹೋಗುತ್ತದೆ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಧ್ವನಿ 6 ಡೆಸಿಬಲ್ ಕುಸಿಯುತ್ತದೆ. ಕೋಣೆಯಲ್ಲಿ ಗೋಡೆಗಳು ಹಿಂದಿರುಗಿಸುವುದರಿಂದ ಕುಸಿತ ಕಡಿಮೆ. ಒಂದರಿಂದ ಮೂರು ಮೀಟರ್‌ಗೆ 7 ಡೆಸಿಬಲ್ ಎಂದು ಹಿಡಿದೆ. ಆಗ ಒಂದು ಮೀಟರ್‌ನಲ್ಲಿ ಸರಾಸರಿ 107 ಬೇಕು. ಬೆರಳಿನಿಂದ ಮೀಟಿದ ಬೇಸ್‌ನ ಶೃಂಗ, ಅಂದರೆ ಕ್ಷಣಮಾತ್ರದ ಗರಿಷ್ಠ ಮಟ್ಟ, ಅದರ ಸರಾಸರಿಗಿಂತ ಸುಮಾರು 12 ಡೆಸಿಬಲ್ ಮೇಲಿರುತ್ತದೆ, ಸ್ಲ್ಯಾಪ್ ಆದರೆ ಇನ್ನೂ ಹೆಚ್ಚು. ಆಂಪ್ ಆ ಶೃಂಗಗಳನ್ನು ಕತ್ತರಿಸದೆ ದಾಟಿಸಬೇಕಾದರೆ 119. ಈ ಕಾಂಬೊದ ಸ್ಪೀಕರ್ ಒಂದು ವಾಟ್‌ಗೆ ಒಂದು ಮೀಟರ್‌ನಲ್ಲಿ 97 ಡೆಸಿಬಲ್ ಕೊಡುತ್ತದೆಂದು ಕೈಪಿಡಿ ಹೇಳುತ್ತದೆ. ಉಳಿದ 22 ಡೆಸಿಬಲ್‌ಗೆ ಬೇಕಾದದ್ದು ಸುಮಾರು 160 ವಾಟ್.

ಅವರ ಬಳಿ 200 ಇತ್ತು. ಕಾಗದದ ಮೇಲೆ ಸಾಕಾಗಿತ್ತು. ವೇದಿಕೆಯ ಮೇಲೆ ಸಾಕಾಗಲಿಲ್ಲ. ಈ ವ್ಯತ್ಯಾಸ ಎಲ್ಲಿ ಹೋಯಿತೆಂದು ಹುಡುಕುವುದೇ ಈ ಪ್ರಕರಣದ ತಿರುಳು.

ಮೊದಲ ಸೋರಿಕೆ ಬಿಸಿ. ಸ್ಪೀಕರ್‌ಗೆ ಹೋದ ಶಕ್ತಿಯಲ್ಲಿ ಧ್ವನಿಯಾಗುವುದು ಅಲ್ಪ ಪಾಲು, ಉಳಿದದ್ದು ಕೋನ್ ಚಲಿಸುವಂತೆ ಮಾಡುವ ತಂತಿಸುರುಳಿಯಲ್ಲಿ, ಅಂದರೆ ವಾಯ್ಸ್ ಕಾಯಿಲ್‌ನಲ್ಲಿ, ಶಾಖವಾಗುತ್ತದೆ. ಕಾಯಿಲ್ ಬಿಸಿಯಾದಂತೆ ಅದರ ರೋಧ ಏರುತ್ತದೆ, ಅದೇ ಆಂಪ್‌ನಿಂದ ಕಡಿಮೆ ಶಕ್ತಿ ಎಳೆದುಕೊಳ್ಳುತ್ತದೆ. ಮಿತಿಯ ಹತ್ತಿರ ನುಡಿಸುವಾಗ 3 ಡೆಸಿಬಲ್ ಹೀಗೆ ಹೋಗುವುದು ಅಪರೂಪವಲ್ಲ. 160 ಆಗಲೇ 320 ಆಯಿತು.

ಎರಡನೆಯ ಸೋರಿಕೆ ಬೇಸ್ ನಾಬ್, ಮತ್ತು ನಿಜವಾದ ಅಪರಾಧಿ ಅದೇ. ಅವರು ಮನೆಯಲ್ಲಿ ಒಬ್ಬರೇ ಸಣ್ಣ ದನಿಯಲ್ಲಿ ನುಡಿಸುವಾಗ ಇಷ್ಟವಾದ ನಾದವನ್ನೇ ವೇದಿಕೆಗೂ ತಂದಿದ್ದರು: ಬೇಸ್ ಸುಮಾರು 8 ಡೆಸಿಬಲ್ ಮೇಲೆ, ಮಧ್ಯಭಾಗ ಕೆಳಗೆ, ಟ್ರೆಬಲ್ ತುಸು ಮೇಲೆ. ಮನೆಯಲ್ಲಿ ಅದು ಹಿತವಾಗಿ ಕೇಳಿಸುವುದಕ್ಕೆ ಕಾರಣವಿದೆ. ಸಣ್ಣ ದನಿಯಲ್ಲಿ ಮನುಷ್ಯರ ಕಿವಿ ಕೆಳಗಿನ ಶ್ರುತಿಗೆ ತೀರಾ ಮಂದ. ಧ್ವನಿ ಸಂಶೋಧಕರಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಪ್ರಕಟಿಸಿದ ರೇಖೆಗಳು ತೋರಿಸಿದ್ದು ಇದನ್ನೇ. ದನಿ ಏರಿದಂತೆ ಆ ಮಂದತೆ ಕಡಿಮೆಯಾಗುತ್ತದೆ. ವೇದಿಕೆಯ ಜೋರಿನಲ್ಲಿ ಅದೇ 8 ಡೆಸಿಬಲ್ ಬರಿಯ ಮೊಳಗಾಗಿ ಉಳಿಯುತ್ತದೆ. ಅದರ ಬೆಲೆ ಎಷ್ಟು? 8 ಡೆಸಿಬಲ್ ಎಂದರೆ ಆರು ಪಟ್ಟಿಗಿಂತ ಹೆಚ್ಚು ಶಕ್ತಿ. ಕೆಳಗಿನ ಸ್ವರಗಳಲ್ಲಿ 320 ವಾಟ್‌ನ ಅಗತ್ಯ ಎರಡು ಸಾವಿರಕ್ಕೆ ಏರುತ್ತದೆ. ಸಾವಿರ ವಾಟ್‌ನ ಹೆಡ್ ಕೊಂಡಿದ್ದರೂ, ಒಂದೇ ಕ್ಯಾಬಿನೆಟ್‌ಗೆ ಸಿಗುವ 500 ವಾಟ್‌ನಲ್ಲಿ ಕೆಂಪು ದೀಪ ಮಿನುಗುತ್ತಲೇ ಇರುತ್ತಿತ್ತು.

ಮೂರನೆಯದಕ್ಕೆ ವಾಟ್‌ನಲ್ಲಿ ಪರಿಹಾರವೇ ಇಲ್ಲ. ಸ್ಪೀಕರ್‌ಗೆ ಎರಡು ಮಿತಿಗಳಿವೆ: ಎಷ್ಟು ಬಿಸಿ ತಾಳುತ್ತದೆ, ಎಷ್ಟು ದೂರ ಚಲಿಸುತ್ತದೆ. ಹಿಂಬದಿಯಲ್ಲಿ ಮುದ್ರಿಸಿರುವ 300 ವಾಟ್ ಸಾಮರ್ಥ್ಯ ಬಿಸಿಯದು ಮಾತ್ರ. ಚಲನೆಯ ಮಿತಿ ಅದಕ್ಕಿಂತ ಎಷ್ಟೋ ಮೊದಲೇ ಬರುತ್ತದೆ, ಏಕೆಂದರೆ ಧ್ವನಿಯ ಮಟ್ಟ ಅಷ್ಟೇ ಇರಬೇಕಾದರೆ ಸ್ವರ ಒಂದು ಸ್ಥಾಯಿ ಇಳಿದಾಗ ಕೋನ್ ನಾಲ್ಕು ಪಟ್ಟು ದೂರ ಚಲಿಸಬೇಕು. ಟಾರ್ಚ್ ಬೆಳಕಿನಲ್ಲಿ ನಾವು ಕಂಡದ್ದು ಇದೇ. ಸಾಮಾನ್ಯ 12 ಅಂಗುಲದ ಕೋನ್‌ನ ವಿಸ್ತೀರ್ಣ ಸುಮಾರು 530 ಚದರ ಸೆಂಟಿಮೀಟರ್. ಅದು ಒಂದು ದಿಕ್ಕಿಗೆ 6 ಮಿಲಿಮೀಟರ್ ಚಲಿಸಬಲ್ಲದು, ಮುಚ್ಚಿದ ಪೆಟ್ಟಿಗೆಯಲ್ಲಿ ನೆಲದ ಮೇಲಿದೆ ಎಂದಿಟ್ಟುಕೊಂಡರೆ, 41 ಹರ್ಟ್ಸ್‌ನಲ್ಲಿ ಒಂದು ಮೀಟರ್ ದೂರಕ್ಕೆ ಅದು ಕೊಡಬಲ್ಲದ್ದು ಹೆಚ್ಚೆಂದರೆ 103 ಡೆಸಿಬಲ್. 82 ಹರ್ಟ್ಸ್‌ನಲ್ಲಿ 115. ಹಿಂದೆ ಎಷ್ಟು ವಾಟ್‌ನ ಆಂಪ್ ಇದ್ದರೂ ಈ ಸಂಖ್ಯೆ ಏರುವುದಿಲ್ಲ. ಏರಿಸಲು ಹೊರಟರೆ ಹರಿದ ಸದ್ದು ಬರುತ್ತದೆ, ಆಮೇಲೆ ಕೋನ್ ನಿಜವಾಗಿಯೇ ಹರಿಯುತ್ತದೆ. ರಂಧ್ರವಿರುವ ಪೆಟ್ಟಿಗೆಯಾದರೆ ಅದರ ಶ್ರುತಿಯ ಹತ್ತಿರ ಕೋನ್‌ಗೆ ನೆರವು ಸಿಗುತ್ತದೆ, ಅದಕ್ಕಿಂತ ಕೆಳಗೆ ಹೋದರೆ ಸ್ಥಿತಿ ಇನ್ನಷ್ಟು ಕೆಡುತ್ತದೆ. ಐದು ತಂತಿಯ ಬೇಸ್‌ನ ಬಿ 31 ಹರ್ಟ್ಸ್‌ನದು. ಇ ತಂತಿಗಿಂತ ಸುಮಾರು 1.8 ಪಟ್ಟು ಹೆಚ್ಚು ಚಲನೆ ಕೇಳುತ್ತದೆ.

ಇಷ್ಟು ಕಡಿಮೆ ಮೂಲಸ್ವರವಿದ್ದರೂ ನಮಗೆ ಇ ತಂತಿ ಇ ಆಗಿಯೇ ಕೇಳಿಸುತ್ತದಲ್ಲ? ಆ ತಂತಿಯ ನಾದದಲ್ಲಿ 82 ಹರ್ಟ್ಸ್‌ನ ಎರಡನೆಯ ಅಂಶ ಅನೇಕ ವೇಳೆ ಮೂಲಕ್ಕಿಂತ ಬಲವಾಗಿರುತ್ತದೆ, ಮೂರನೆಯದು, ನಾಲ್ಕನೆಯದೂ ಇರುತ್ತವೆ. ಅವುಗಳ ನಡುವಿನ ಅಂತರದಿಂದ ಕಿವಿ ಮೂಲಸ್ವರವನ್ನು ತಾನೇ ಕಟ್ಟಿಕೊಳ್ಳುತ್ತದೆ. ತಂಡದ ನಡುವೆ ಬೇಸ್‌ಗೆ ಜಾಗ ಮಾಡಿಕೊಡುವುದು ಈ ಮೇಲಿನ ಅಂಶಗಳು, 80ರಿಂದ 800 ಹರ್ಟ್ಸ್‌ವರೆಗಿನವು. ಅವರು ಕಡಿಮೆ ಮಾಡಿಟ್ಟದ್ದು ಅದರ ಮೇಲ್ಭಾಗವನ್ನೇ.

ನಾಪತ್ತೆಯಾಗುತ್ತಿದ್ದ ಎಫ್

ಲೆಕ್ಕದಲ್ಲಿ ಸಿಗದ ಒಂದು ಸಂಗತಿ ಕೋಣೆಯಲ್ಲಿ ಸಿಕ್ಕಿತು. ಒಂದು ಹಾಡು ಎಫ್ ಶ್ರುತಿಯಲ್ಲಿತ್ತು. ಡಿ ತಂತಿಯ ಮೂರನೆಯ ಫ್ರೆಟ್‌ನ ಎಫ್ ಬಂದಾಗಲೆಲ್ಲ ಬೇಸ್ ಮಾಯವಾಗುತ್ತಿತ್ತು, ಪಕ್ಕದ ಸ್ವರಗಳಿಗೆ ಮತ್ತೆ ಬರುತ್ತಿತ್ತು. ಅವರು ಆ ಸ್ವರವನ್ನು ಮಾತ್ರ ಗುದ್ದಿ ಮೀಟುವುದನ್ನು ಅಭ್ಯಾಸ ಮಾಡಿಕೊಂಡಿದ್ದರು, ಅಲ್ಲಿಯೂ ದೀಪ ಮಿನುಗುತ್ತಿತ್ತು.

ಕಾಂಬೊ ಇದ್ದದ್ದು ಹಿಂದೆ ಓಡಾಡಲು ದಾರಿ ಬಿಟ್ಟು. ಸ್ಪೀಕರ್ ಮುಖದಿಂದ ಗೋಡೆಗೆ ಒಂದು ಮೀಟರ್. ಕೆಳಗಿನ ಶ್ರುತಿಯ ಅಲೆಗಳು ಪೆಟ್ಟಿಗೆಯ ಸುತ್ತ ಎಲ್ಲ ದಿಕ್ಕಿಗೂ ಹರಡುತ್ತವೆ. ಹಿಂದಕ್ಕೆ ಹೋದ ಅಲೆ ಗೋಡೆಗೆ ಬಡಿದು ಮರಳಿ ಬರುವಾಗ ಎರಡು ಮೀಟರ್ ಹೆಚ್ಚು ಸಾಗಿರುತ್ತದೆ. 86 ಹರ್ಟ್ಸ್‌ನ ಅಲೆಯ ಉದ್ದ ನಾಲ್ಕು ಮೀಟರ್; ಎರಡು ಮೀಟರ್ ಅದರ ಅರ್ಧ. ಮರಳಿದ ಅಲೆ ಮುಂದಕ್ಕೆ ಹೊರಟ ಅಲೆಗೆ ವಿರುದ್ಧವಾಗಿ ನಿಂತು ಅದನ್ನು ಅಳಿಸುತ್ತದೆ. ಆ ಎಫ್ 87 ಹರ್ಟ್ಸ್. ಇಂಥ ತಗ್ಗನ್ನು ವಾಟ್‌ನಿಂದ ತುಂಬಲಾಗದು. ಮುಂದಿನ ಅಲೆ ಜೋರಾದರೆ ಹಿಂದಿನದೂ ಅಷ್ಟೇ ಜೋರಾಗುತ್ತದೆ.

ಪೆಟ್ಟಿಗೆಯನ್ನು ಗೋಡೆಗೆ ಒತ್ತಿ ಇಟ್ಟೆವು. ಸ್ಪೀಕರ್ ಮುಖ ಈಗ ಗೋಡೆಯಿಂದ ಸುಮಾರು 45 ಸೆಂಟಿಮೀಟರ್. ತಗ್ಗು 190 ಹರ್ಟ್ಸ್‌ನ ಸುತ್ತ ಸರಿಯಿತು, ಅಲ್ಲಿ ಪೆಟ್ಟಿಗೆಯ ಹಿಂದಕ್ಕೆ ಹೋಗುವ ಧ್ವನಿಯೇ ಕಡಿಮೆಯಾದ್ದರಿಂದ ಅಷ್ಟು ಕಾಡಲಿಲ್ಲ. ಎಫ್ ಮರಳಿತು. ಅದರ ಜೊತೆಗೆ ಗೋಡೆಯ ಬೆಂಬಲದಿಂದ ಕೆಳಗಿನ ಶ್ರುತಿಯೆಲ್ಲ ಹಲವು ಡೆಸಿಬಲ್ ಏರಿತು. ಹಾಗಾಗಿ ಬೇಸ್ ನಾಬ್ ಮಧ್ಯಕ್ಕೆ ಬಂದರೂ ಅವರಿಗೆ ಕೊರತೆ ಅನಿಸಲಿಲ್ಲ. ಖರ್ಚಿಲ್ಲದೆ ಸಿಕ್ಕ ಶಕ್ತಿ ಇದು, ಮತ್ತು ನನ್ನ ಅನುಭವದಲ್ಲಿ ವಾದಕರು ಕೊನೆಗೆ ಯೋಚಿಸುವುದೂ ಇದನ್ನೇ.

ಮೊಣಕಾಲಿಗೆ ಕಿವಿಯಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. 12 ಅಂಗುಲದ ಸ್ಪೀಕರ್‌ನ ಮಧ್ಯ ಮತ್ತು ಮೇಲಿನ ಶ್ರುತಿ ನೇರ ಮುಂದಕ್ಕೆ ಹೋಗುತ್ತದೆ. ಹತ್ತಿರ ನಿಂತ ವಾದಕರ ಕಾಲಿಗೆ ಬಡಿದು ಅದು ಸಭಿಕರತ್ತ ಹೋಗುತ್ತದೆ. ವಾದಕರ ಕಿವಿಗೆ ಬರುವುದು ಮೊಳಗು ಮಾತ್ರ. ತನಗೆ ಕೇಳಿಸುವುದಿಲ್ಲವೆಂದು ಏರಿಸಿದಷ್ಟೂ ಮುಂದಿನ ಸಾಲಿಗೆ ಕಿರಿಕಿರಿ. ಪೆಟ್ಟಿಗೆಯ ಮುಂದಿನ ಅಂಚಿನ ಕೆಳಗೆ ಮರದ ತುಂಡಿಟ್ಟು ಹಿಂದಕ್ಕೆ ವಾಲಿಸಿದ ಕೂಡಲೇ ಅವರು ಆಂಪ್‌ನ ದನಿಯನ್ನು ತಾವಾಗಿಯೇ ಇಳಿಸಿದರು. ನಾನು ಹೇಳಿರಲಿಲ್ಲ.

ತೆಗೆದುಕೊಂಡ ನಿರ್ಧಾರ

ಇಷ್ಟು ಮಾಡಿದ ಮೇಲೆ ಚಿಕ್ಕ ಕೋಣೆಗಳ ಸಮಸ್ಯೆ ತೀರಿತು. ಬೇಸ್ ನಾಬ್ ಮಧ್ಯದಲ್ಲಿ, 400 ಹರ್ಟ್ಸ್ ಸುತ್ತ 3 ಡೆಸಿಬಲ್ ಹೆಚ್ಚು, ಮತ್ತು ಆಂಪ್‌ನ ಮುಂದೆ 40 ಹರ್ಟ್ಸ್‌ನ ಹೈಪಾಸ್ ಫಿಲ್ಟರ್ ಪೆಡಲ್, ಅಂದರೆ ಅದಕ್ಕಿಂತ ಕೆಳಗಿನ ಶ್ರುತಿಯನ್ನು ತಡೆಯುವಂಥದು. ಫಿಲ್ಟರ್ ಬಗ್ಗೆ ಅವರಿಗೆ ಅನುಮಾನವಿತ್ತು. ಬೇಸ್ ವಾದಕರಿಂದಲೇ ಬೇಸ್ ಕಿತ್ತುಕೊಳ್ಳುತ್ತಿದ್ದೀರಿ ಎಂಬ ಭಾವ. ಪೆಡಲ್ ಒತ್ತಿ, ಬಿಟ್ಟು, ಯಾವಾಗ ಇದೆ ಯಾವಾಗ ಇಲ್ಲ ಎಂದು ಕಣ್ಣು ಮುಚ್ಚಿ ಹೇಳಲು ಕೇಳಿದೆ. ನಾಲ್ಕು ತಂತಿಯ ಬೇಸ್‌ನಲ್ಲಿ ಅವರಿಗೆ ಹೇಳಲಾಗಲಿಲ್ಲ. ಕೋನ್‌ಗೆ ಮಾತ್ರ ಗೊತ್ತಾಗಿತ್ತು; ತಂತಿಗೆ ಕೈ ತಗುಲಿದ ತಟ್ಟುಗಳಿಗೆ ಅದು ಬೆಚ್ಚಿಬೀಳುವುದು ನಿಂತಿತ್ತು.

ಸಭಾಂಗಣಕ್ಕೆ ಇನ್ನೂ ಬೇಕಿತ್ತು. ಮೂರು ದಾರಿಗಳು ಎದುರಿಗಿದ್ದವು. ದೊಡ್ಡ ಹೆಡ್, ಒಂದೇ ಕ್ಯಾಬಿನೆಟ್: 4 ಡೆಸಿಬಲ್, ಚಲನೆಯ ಮಿತಿ ಅಲ್ಲೇ. ಆಂಪ್ ಒಳಗೊಂಡ ಸೌಂಡ್ ಸಿಸ್ಟಂ ಸ್ಪೀಕರ್: ಒಳ್ಳೆಯ ಆಯ್ಕೆ, ಆದರೆ ಅವರ ಕಾಂಬೊದ ನಾದವೇ ಅವರಿಗೆ ಪ್ರಿಯ. ಮೂರನೆಯದು, ಕಾಂಬೊವನ್ನು ಇಟ್ಟುಕೊಂಡು ಅದೇ ಮಾದರಿಯ 8 ಓಮ್ ಕ್ಯಾಬಿನೆಟ್ ಒಂದನ್ನು ಸೇರಿಸುವುದು. ಆಂಪ್ 200ರಿಂದ 350 ವಾಟ್‌ಗೆ ಏರುತ್ತದೆ, ಅದು 2.4 ಡೆಸಿಬಲ್. ಕೆಳಗಿನ ಶ್ರುತಿಯಲ್ಲಿ ಎರಡು ಕೋನ್ ಜೊತೆಯಾಗಿ ಗಾಳಿ ತಳ್ಳುವುದರಿಂದ ಇನ್ನು 3. ಒಟ್ಟು 5 ಡೆಸಿಬಲ್‌ಗಿಂತ ಹೆಚ್ಚು. ಒಂದೇ ಸ್ಪೀಕರ್ ಇಟ್ಟುಕೊಂಡು ಇಷ್ಟು ಪಡೆಯಲು ಸುಮಾರು 700 ವಾಟ್ ಬೇಕಾಗುತ್ತಿತ್ತು, ಅದನ್ನು ಆ ಸ್ಪೀಕರ್ ತಾಳುತ್ತಿರಲಿಲ್ಲ. ಚಲನೆಯ ಮಿತಿಯೂ 6 ಡೆಸಿಬಲ್ ಮೇಲಕ್ಕೆ ಹೋಗುತ್ತದೆ: 41 ಹರ್ಟ್ಸ್‌ನಲ್ಲಿ 103 ಇದ್ದದ್ದು 109.

ಹಳೆಯ ಲೆಕ್ಕವನ್ನು ಹೊಸ ಜೋಡಿಗೆ ಹಾಕಿದೆವು. 119 ಬೇಕು, ಎರಡು ಕ್ಯಾಬಿನೆಟ್‌ಗಳು ಒಂದು ವಾಟ್‌ಗೆ 100 ಕೊಡುತ್ತವೆ. 19 ಡೆಸಿಬಲ್‌ಗೆ 80 ವಾಟ್. ಬಿಸಿಯ ನಷ್ಟಕ್ಕೆ ಇಮ್ಮಡಿ, 160. ಸ್ಲ್ಯಾಪ್‌ಗೂ ಐದನೆಯ ತಂತಿಗೂ ಮೀಸಲು ಎಂದು ಮತ್ತೊಮ್ಮೆ ಇಮ್ಮಡಿ, 320. ಅವರ ಬಳಿ ಇದ್ದ ಆಂಪ್ 350. ಕೊಳ್ಳಬೇಕಿದ್ದದ್ದು ಆಂಪ್ ಅಲ್ಲವೇ ಅಲ್ಲ.

ಕೊಂಡದ್ದು ಒಂದು ಕ್ಯಾಬಿನೆಟ್ ಮತ್ತು ಒಂದು ಸ್ಪೀಕರ್ ಕೇಬಲ್. ಕೇಬಲ್‌ನ ಬಗ್ಗೆ ಎಚ್ಚರ ಬೇಕು: ಗಿಟಾರ್‌ನ ಕೇಬಲ್ ನೋಡಲು ಹಾಗೆಯೇ ಇದ್ದರೂ ಅದರ ಒಳತಂತಿ ಸಪೂರ, ಇಷ್ಟು ವಿದ್ಯುತ್ತಿಗೆ ಬಿಸಿಯಾಗುತ್ತದೆ. 4 ಓಮ್‌ನ ಕ್ಯಾಬಿನೆಟ್ ಕೊಳ್ಳುವಂತಿರಲಿಲ್ಲ. ಒಳಗಿನ 8ರ ಜೊತೆ ಸೇರಿ 2.7 ಓಮ್‌ಗೆ ಇಳಿದು ಆಂಪ್‌ನ ಕನಿಷ್ಠ ಮಿತಿಯನ್ನು ಮೀರುತ್ತಿತ್ತು. ಬೇರೆ ಮಾದರಿಯ ಕ್ಯಾಬಿನೆಟ್‌ಗಳನ್ನು ಬೆರೆಸುವುದಕ್ಕೂ ನನ್ನ ಒಪ್ಪಿಗೆಯಿಲ್ಲ, ಕೆಲವು ಶ್ರುತಿಗಳಲ್ಲಿ ಒಂದು ಇನ್ನೊಂದನ್ನು ಅಳಿಸಬಹುದು. ಒಂದರ ಮೇಲೊಂದು ಇಟ್ಟಾಗ ಮೇಲಿನ ಸ್ಪೀಕರ್ ಕಿವಿಗೆ ಹತ್ತಿರವಾಗಿ, ಮರದ ತುಂಡಿನ ಅಗತ್ಯವೂ ತಪ್ಪಿತು.

ವಾಟ್‌ನ ಸಂಖ್ಯೆಗಿಂತ ಕೋನ್‌ನ ವಿಸ್ತೀರ್ಣ ಮುಖ್ಯ ಎಂಬುದು ಹೊಸ ಸಂಗತಿಯಲ್ಲ. 1969ರಲ್ಲಿ ಆ್ಯಂಪೆಗ್ ಕಂಪನಿಯ ಎಸ್‌ವಿಟಿ ಎಂಬ ವಾಲ್ವ್ (ನಿರ್ವಾತ ನಳಿಕೆಯ) ಬೇಸ್ ಆಂಪ್ ಬಂದಾಗ ಅದರ 300 ವಾಟ್ ಬೆರಗು ಹುಟ್ಟಿಸಿತ್ತು. ಆದರೆ ಅದರ ಕೆಳಗೆ ಹತ್ತು ಅಂಗುಲದ ಎಂಟು ಸ್ಪೀಕರ್‌ಗಳ ಕ್ಯಾಬಿನೆಟ್ ಇತ್ತು. ಒಂದು 12 ಅಂಗುಲದ ಕೋನ್‌ನ ಐದು ಪಟ್ಟಿಗಿಂತ ಹೆಚ್ಚು ವಿಸ್ತೀರ್ಣ. ವಾಲ್ವ್ ಆಂಪ್‌ನ 300 ವಾಟ್ ಅದಕ್ಕಿಂತ ದೊಡ್ಡ ಟ್ರಾನ್ಸಿಸ್ಟರ್ ಆಂಪ್‌ನಷ್ಟು ಜೋರೆಂದು ಹೇಳುವುದುಂಟು. ವಾಟ್ ಎರಡರಲ್ಲೂ ಒಂದೇ. ವಾಲ್ವ್ ಶೃಂಗಗಳನ್ನು ಮೆತ್ತಗೆ ಅದುಮುತ್ತದೆ, ಆ ಅದುಮುವಿಕೆ ಕಿವಿಗೆ ಹಿತ, ಹೀಗಾಗಿ ಅದನ್ನು ಮಿತಿಯ ಮೇಲೂ ನುಡಿಸಬಹುದು. ಕಂಪ್ರೆಸರ್ ಮಾಡುವ ಕೆಲಸವೂ ಹೆಚ್ಚುಕಡಿಮೆ ಅದೇ. ಶೃಂಗಗಳನ್ನು 6 ಡೆಸಿಬಲ್ ಇಳಿಸಿದರೆ ಅದೇ ಆಂಪ್‌ನಿಂದ ಸರಾಸರಿ ದನಿಯನ್ನು 6 ಡೆಸಿಬಲ್ ಏರಿಸಬಹುದು. ನಾಲ್ಕು ಪಟ್ಟು ವಾಟ್ ಕೊಂಡಷ್ಟು. ಸ್ಲ್ಯಾಪ್ ಹಾಡುಗಳಿಗೆ ಮಾತ್ರ ಅವರು ಈಗ ಕಂಪ್ರೆಸರ್ ಬಳಸುತ್ತಾರೆ. ಏರಿದ ಸರಾಸರಿ ಕಾಯಿಲ್ ಅನ್ನು ಹೆಚ್ಚು ಬಿಸಿ ಮಾಡುತ್ತದೆ ಎಂಬುದನ್ನು ಮರೆಯಬಾರದು. ಚಿಕ್ಕ ಆಂಪ್ ಸ್ಪೀಕರ್ ಕೊಲ್ಲುತ್ತದೆ ಎಂಬ ಮಾತಿನ ಹಿಂದಿರುವುದೂ ಇದೇ. 200 ವಾಟ್‌ನ ಆಂಪ್ ಪೂರ್ತಿ ಕತ್ತರಿಸಿಕೊಂಡು ಚೌಕ ತರಂಗವಾದರೆ ಹೊರಬರುವುದು 400ರ ಹತ್ತಿರ, ಅದು 300ರ ಸ್ಪೀಕರ್ ಅನ್ನು ಸುಡಬಲ್ಲದು. ಸುಡುವುದು ಹೆಚ್ಚಾದ ಶಕ್ತಿಯೇ, ಕಡಿಮೆಯಾದದ್ದಲ್ಲ.

ಡ್ರಮ್ಸ್‌ನ 100 ಡೆಸಿಬಲ್ ಅನ್ನು ಗುರಿಯಾಗಿ ಒಪ್ಪಿಕೊಂಡೇ ಮೇಲಿನ ಲೆಕ್ಕವೆಲ್ಲ ನಡೆದಿದೆ. ನನಗೆ ಅದರ ಬಗ್ಗೆ ಸಮಾಧಾನವಿಲ್ಲ. ಕೆಲಸಗಾರರ ಸುರಕ್ಷತೆ ಮತ್ತು ಆರೋಗ್ಯದ ಸಂಶೋಧನೆ ನಡೆಸುವ ಅಮೆರಿಕದ ನಿಯೋಶ್ ಸಂಸ್ಥೆಯ ಶಿಫಾರಸಿನಂತೆ ಎ ತೂಕದ 85 ಡೆಸಿಬಲ್‌ಗೆ ದಿನಕ್ಕೆ 8 ಗಂಟೆ, ಪ್ರತಿ 3 ಡೆಸಿಬಲ್‌ಗೆ ಸಮಯ ಅರ್ಧ. 100ಕ್ಕೆ ಬರುವಾಗ ಉಳಿಯುವುದು 15 ನಿಮಿಷ. ಇಡೀ ತಂಡಕ್ಕೆ ಸಂಗೀತಗಾರರ ಇಯರ್‌ಪ್ಲಗ್ ಹಾಕಿಸಿದ್ದು ಈ ಪ್ರಕರಣದಲ್ಲಿ ನಾನು ಹಟ ಹಿಡಿದ ಒಂದೇ ವಿಷಯ. ಡ್ರಮ್ಸ್ ವಾದಕರು ಚಿಕ್ಕ ಕೋಣೆಗಳಿಗೆ ಹಗುರ ಕಡ್ಡಿಗಳನ್ನು ತರಲು ಒಪ್ಪಿದ್ದು ಕೂಡ ಯಾವ ಆಂಪ್‌ಗಿಂತಲೂ ದೊಡ್ಡ ಕೊಡುಗೆ: ಅವರು 3 ಡೆಸಿಬಲ್ ಇಳಿದರೆ ಬೇಸ್‌ಗೆ ಬೇಕಾದ ವಾಟ್ ಅರ್ಧವಾಗುತ್ತದೆ.

ಸಾಲದೆ ಹೋದ ಒಂದು ಕಡೆ

ಸಭಾಂಗಣಗಳಲ್ಲಿ ಜೋಡಿ ಕ್ಯಾಬಿನೆಟ್ ಚೆನ್ನಾಗಿ ನಿಂತಿತು, ದೀಪ ಮಿನುಗಲಿಲ್ಲ. ಒಂದು ಬಯಲು ಕಾರ್ಯಕ್ರಮದಲ್ಲಿ ಮಾತ್ರ ಸೋತಿತು. ಪೂರ್ಣ ವ್ಯವಸ್ಥೆ ಇದೆ ಎಂದು ಆಯೋಜಕರು ಹೇಳಿದ್ದರೂ ಅಲ್ಲಿ ಇದ್ದದ್ದು ಹಾಡಿಗೆ ಸಾಕಾಗುವ ಎರಡು ಸ್ಪೀಕರ್. ಬಯಲಿನಲ್ಲಿ ಗೋಡೆಯ ಬೆಂಬಲವಿಲ್ಲ, ಪ್ರತಿ ಇಮ್ಮಡಿ ದೂರಕ್ಕೆ ಪೂರ್ತಿ 6 ಡೆಸಿಬಲ್ ನಷ್ಟ. ಒಂದು ಮೀಟರ್‌ನಲ್ಲಿ 110 ಇರುವುದು 16 ಮೀಟರ್‌ನಲ್ಲಿ 86. ಅಲ್ಲಿ ಸಾವಿರ ವಾಟ್ ಇದ್ದಿದ್ದರೆ ಗೆಲ್ಲುತ್ತಿದ್ದರೇ ಎಂದು ಅವರು ಕೇಳಿದರು. ಇದೇ ಎರಡು ಕ್ಯಾಬಿನೆಟ್‌ಗೆ 350ರ ಬದಲು ಸಾವಿರ ಎಂದರೆ 4.6 ಡೆಸಿಬಲ್, ಅದೂ ಕೋನ್ ತಾಳಿದರೆ. ಅಂಥ ಜಾಗಕ್ಕೆ ಬೇಕಾದದ್ದು ಸಬ್‌ವೂಫರ್ ಮತ್ತು ಡಿ.ಐ. ಸಂಪರ್ಕ, ಅದು ಆಯೋಜಕರ ಹೊಣೆ.

ಈಗ ಅವರು ಕಾರ್ಯಕ್ರಮ ಒಪ್ಪುವ ಮೊದಲು "ಸೌಂಡ್ ಸಿಸ್ಟಂ ಇದೆಯೇ" ಎಂದು ಕೇಳುವುದಿಲ್ಲ. ಕಿಕ್ ಡ್ರಮ್ ಮತ್ತು ಬೇಸ್ ಎರಡೂ ಅದರಲ್ಲಿ ಹೋಗುತ್ತವೆಯೇ, ಸಬ್‌ವೂಫರ್ ಎಷ್ಟಿವೆ ಎಂದು ಕೇಳುತ್ತಾರೆ. ಹೌದಾದರೆ ಕಾಂಬೊ ಒಂದನ್ನೇ ಒಯ್ಯುತ್ತಾರೆ, ಡಿ.ಐ. ಅನ್ನು ಆಂಪ್‌ನ ಈಕ್ವಲೈಜರ್‌ಗಿಂತ (ನಾದ ತಿದ್ದುವ ನಾಬ್‌ಗಳಿಗಿಂತ) ಮೊದಲಿನ ಸ್ಥಾನಕ್ಕೆ ಇಡುತ್ತಾರೆ, ವೇದಿಕೆಯ ನಾದ ತಿದ್ದಿದರೆ ಸಭಿಕರ ನಾದ ಕೆಡದಿರಲಿ ಎಂದು. ಇಲ್ಲವಾದರೆ ಎರಡೂ ಪೆಟ್ಟಿಗೆ. ಕಾಂಬೊದ ಆಂಪ್ ಎಂದಾದರೂ ಕೈಕೊಟ್ಟರೆ ಏನು ಕೊಳ್ಳಬೇಕೆಂಬುದನ್ನೂ ಬರೆದಿಟ್ಟುಕೊಂಡಿದ್ದೇವೆ: 4 ಓಮ್‌ಗೆ 500 ವಾಟ್ ಕೊಡುವ, ಹೈಪಾಸ್ ಫಿಲ್ಟರ್ ಒಳಗೊಂಡ, ಒಂದು ಕೈಯಲ್ಲಿ ಎತ್ತಬಹುದಾದ ಕ್ಲಾಸ್ ಡಿ ಹೆಡ್. 350ರಿಂದ 500ಕ್ಕೆ ಸಿಗುವುದು ಒಂದೂವರೆ ಡೆಸಿಬಲ್ ಮಾತ್ರ. ಅದು ಜೋರಿಗಲ್ಲ, ಐದು ತಂತಿಯ ದಿನ ಶೃಂಗಗಳು ಕತ್ತರಿಸದಿರಲಿ ಎಂದು.